ನೋಡುವುದೂ ಒಂದು ವಿದ್ಯೆ

‘ಕೋಶ ಓದು, ದೇಶ ಸುತ್ತು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನುಷ್ಯನ ಅರಿವು ಬೆಳೆಯಲು ಎರಡು ದಾರಿಗಳುಂಟು. ಒಂದು ಗ್ರಂಥಗಳ ಓದು, ಇನ್ನೊಂದು ನಾಡಿನ ಸುತ್ತಾಟ ಎಂಬುದನ್ನು ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು. ಈ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿರುವುದು ಅರ್ಥಪೂರ್ಣವಾಗಿದೆ. ಓದದೆ ಸುತ್ತುವವನು ಕಣ್ಣಿದ್ದೂ ಕಾಣಲಾರ. ಸುತ್ತದೆ ಓದುವವನು ತನ್ನ ಓದನ್ನು ಒರೆಗೆ ಹಚ್ಚಲಾರ. ಆದರೆ ಇಂದಿನ ಶಾಲಾ ಪ್ರವಾಸಗಳನ್ನು ಗಮನಿಸಿದರೆ, ಗಾದೆಯ ಎರಡನೆಯ ಅರ್ಧ ಮಾತ್ರ ಬಸ್ಸನ್ನೇರಿ ಹೊರಟು, ಮೊದಲನೆಯ ಅರ್ಧ ಊರಿನಲ್ಲೇ ಉಳಿದುಬಿಟ್ಟಂತೆ ತೋರುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದ ಲಕ್ಕವಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಹೆಸರಾದ ಊರು ಅದು. ಒಂದು ಕಡೆ ವಿಶಾಲವಾದ ಜಲಾಶಯ, ಇನ್ನೊಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ದಟ್ಟವಾದ ಕಾಡು. ರಜೆಯ ದಿನಗಳಲ್ಲಿ ನಗರದ ಜನ ಕಾಡನ್ನೂ ನೀರನ್ನೂ ನೋಡಲು ಅಲ್ಲಿಗೆ ಬರುತ್ತಾರೆ. ಅತ್ತ ಅಂಥ ಊರುಗಳ ಮಕ್ಕಳು ವರ್ಷಕ್ಕೊಮ್ಮೆ ನಗರವನ್ನು ನೋಡಲು ಹೊರಡುತ್ತಾರೆ. ಬೆಂಗಳೂರು ಅಲ್ಲಿಂದ ಸುಮಾರು 250 ಕಿಲೋಮೀಟರು ದೂರ. ಎಷ್ಟೋ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಶಾಲೆಯಿಂದ ಹೋಗುವ ಪ್ರವಾಸವೇ ರಾಜಧಾನಿಯನ್ನು ಕಾಣುವ ಮೊದಲ ಅವಕಾಶ. ಕೆಲವರಿಗೆ ಬಹುಕಾಲದವರೆಗೆ ಅದೊಂದೇ ಅವಕಾಶ.

ಇಂಥ ಅಪರೂಪದ ಅವಕಾಶ ಹೇಗೆ ಕಳೆದುಹೋಗುತ್ತದೆಂಬುದು ಯೋಚಿಸಬೇಕಾದ ಸಂಗತಿ. ಒಂದು ದಿನದಲ್ಲಿ ಏಳೆಂಟು ಸ್ಥಳಗಳನ್ನು ತೋರಿಸಬೇಕೆಂಬ ಆತುರದಲ್ಲಿ ಬಸ್ಸು ಓಡುತ್ತದೆ. ಅರಮನೆಯ ಮುಂದೆ ಅರ್ಧ ಗಂಟೆ, ಉದ್ಯಾನದಲ್ಲಿ ಒಂದು ಗಂಟೆ, ವಿಧಾನಸೌಧದ ಎದುರು ಒಂದು ಛಾಯಾಚಿತ್ರ, ಸಂಜೆ ಅಂಗಡಿಗಳ ಬೀದಿ. ‘ಇಳಿಯಿರಿ, ಸಾಲಾಗಿ ನಿಲ್ಲಿರಿ, ಬೇಗ ಹತ್ತಿರಿ’ ಎಂಬ ಮಾತುಗಳಲ್ಲೇ ದಿನ ಮುಗಿಯುತ್ತದೆ. ಬಸ್ಸು ಕಬ್ಬನ್ ಉದ್ಯಾನದ ಮಗ್ಗುಲಲ್ಲೇ ಹಾದುಹೋದರೂ ಅದರೊಳಗಿನ ಕೆಂಪು ಬಣ್ಣದ ಗ್ರಂಥಾಲಯದ ಮುಂದೆ ನಿಲ್ಲುವುದು ಅಪರೂಪ. ಮಕ್ಕಳು ದಣಿದು ಊರಿಗೆ ಮರಳುತ್ತಾರೆ. ಏನು ಕಂಡಿರಿ ಎಂದು ಕೇಳಿದರೆ ಹೆಸರುಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ಹೆಸರುಗಳ ಪಟ್ಟಿಯೇ ನೋಟವಲ್ಲ.

ನಗರಕ್ಕೆ ಹೋಗುವ ಗ್ರಾಮಾಂತರ ವಿದ್ಯಾರ್ಥಿಗಳು ಅಲ್ಲಿನ ಗ್ರಂಥಾಲಯ, ಚಿತ್ರಶಾಲೆ, ಚಲನಚಿತ್ರ ಪ್ರದರ್ಶನ ಇವುಗಳಲ್ಲಿ ಒಂದನ್ನಾದರೂ ನಿಧಾನವಾಗಿ, ಸಿದ್ಧತೆಯಿಂದ ನೋಡಬೇಕು. ಅದೂ ಅತಿಥಿಗಳಂತೆ ಅಳುಕಿನಿಂದಲ್ಲ, ಹಕ್ಕುದಾರರಂತೆ ನೋಡಬೇಕು. ಭದ್ರೆಯ ದಂಡೆಯ ಮಕ್ಕಳಿಗೆ ಇದನ್ನು ತಿಳಿಸಲು ದೂರದ ಹೋಲಿಕೆ ಬೇಕಾಗಿಲ್ಲ. ಕಟ್ಟೆಯಲ್ಲಿ ಎಷ್ಟೇ ನೀರು ನಿಂತಿದ್ದರೂ ಕಾಲುವೆಗಳನ್ನು ತೋಡದಿದ್ದರೆ ದಾವಣಗೆರೆ ಸೀಮೆಯ ಗದ್ದೆಗಳಿಗೆ ಒಂದು ಹನಿಯೂ ತಲುಪುತ್ತಿರಲಿಲ್ಲ. ರಾಜಧಾನಿಯಲ್ಲಿ ಸಂಗ್ರಹವಾಗಿರುವ ಗ್ರಂಥ, ಚಿತ್ರ, ಶಿಲ್ಪಗಳೂ ಒಂದು ಬಗೆಯ ಜಲಾಶಯವೇ. ಅಲ್ಲಿಂದ ಹಳ್ಳಿಗೆ ಹರಿಯುವ ಕಾಲುವೆಗಳಲ್ಲಿ ಶಾಲಾ ಪ್ರವಾಸವೂ ಒಂದು. ಆ ಕಾಲುವೆಯಲ್ಲಿ ಹೂಳು ತುಂಬಲು ಬಿಡಬಾರದು.

ಹಕ್ಕುದಾರರು ಎಂಬ ಮಾತು ಬರಿಯ ಅಲಂಕಾರವಲ್ಲ. ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯವಿರುವುದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ. 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗಾಗಿ ಕಟ್ಟಿದ ಈ ಭವನ 1915ರ ವೇಳೆಗೆ ಸಾರ್ವಜನಿಕರಿಗೆ ತೆರೆಯಿತು. ಒಬ್ಬ ಆಡಳಿತಗಾರನ ಸ್ಮಾರಕವೆಂದರೆ ಬರಿಯ ಪ್ರತಿಮೆಯಲ್ಲ, ಎಲ್ಲರೂ ಕುಳಿತು ಓದುವ ಮನೆ ಎಂದು ಆ ಕಾಲದವರು ಭಾವಿಸಿದ್ದರು. ಸ್ವಾತಂತ್ರ್ಯ ಬಂದ ಬಳಿಕ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಾಗಿಯೇ ರಾಜ್ಯದಲ್ಲಿ ಒಂದು ಕಾನೂನು ಆಯಿತು. ಆ ಕಾನೂನಿನ ಮೇರೆಗೆ ಮನೆ, ಜಮೀನುಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಂಗ್ರಹವಾಗುತ್ತದೆ. ಎಂದರೆ, ಸಾರ್ವಜನಿಕ ಗ್ರಂಥಾಲಯದ ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ?’ ಎಂದು ಹಿಂಜರಿಯುವ ಹುಡುಗಿ, ತನ್ನಂಥವರ ಮನೆಗಳ ಹಣದಿಂದ ನಡೆಯುವ ವ್ಯವಸ್ಥೆಯ ಮುಂದೆಯೇ ಹಿಂಜರಿಯುತ್ತಿದ್ದಾಳೆ. ಆ ಹಿಂಜರಿಕೆಯನ್ನು ಕಳೆಯುವುದು ವಿದ್ಯಾಭ್ಯಾಸದ ಮುಖ್ಯ ಕಾರ್ಯಗಳಲ್ಲೊಂದು.

ಸರ್ಕಾರ ಕಟ್ಟಿದವು ಮಾತ್ರವಲ್ಲ, ವ್ಯಕ್ತಿಗಳು ತಮ್ಮ ಬಾಳಿನ ದುಡಿಮೆಯಿಂದ ಕಟ್ಟಿದ ಗ್ರಂಥಾಲಯಗಳೂ ಬೆಂಗಳೂರಿನಲ್ಲಿವೆ. ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಿದಾಗ, ಸರಳವಾಗಿ ಬದುಕುತ್ತಿದ್ದ ಆ ಹಿರಿಯರು ಅದಷ್ಟನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅದೇ 1945ರಲ್ಲಿ ಬಿ. ಪಿ. ವಾಡಿಯಾ ಅವರು ಬಸವನಗುಡಿಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಆರಂಭಿಸಿದರು. ಇಂಥ ಒಂದು ಕಪಾಟಿನ ಮುಂದೆ ನಿಂತ ವಿದ್ಯಾರ್ಥಿ, ಪುಸ್ತಕಗಳ ಜೊತೆಗೆ ಅವುಗಳನ್ನು ಅಲ್ಲಿ ತಂದಿಟ್ಟವರ ಔದಾರ್ಯವನ್ನೂ ಕಾಣುತ್ತಾನೆ. ಪಠ್ಯಪುಸ್ತಕದಲ್ಲಿ ಲೇಖಕನ ಹೆಸರಾಗಿ ಮಾತ್ರ ತಿಳಿದಿದ್ದ ಡಿ. ವಿ. ಜಿ. ಅವರು ಅಲ್ಲಿ ನಾಡಿಗಾಗಿ ಬಾಳಿದ ಮನುಷ್ಯರಾಗಿ ಎದುರಾಗುತ್ತಾರೆ.

ಗ್ರಂಥವೆಂದರೆ ಕಾಗದದ್ದೇ ಆಗಬೇಕಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದುದು. ಅದರ ಸಂಗ್ರಹದಲ್ಲಿ ಆತಕೂರು ಶಾಸನವೆಂಬ ಒಂದು ಕಲ್ಲಿದೆ. ಸುಮಾರು ಸಾವಿರದ ಎಪ್ಪತ್ತೈದು ವರ್ಷಗಳ ಹಿಂದೆ, ಗಂಗರ ಎರಡನೆಯ ಬೂತುಗನ ಕಾಲದಲ್ಲಿ, ಮಣಲೇರನೆಂಬ ವೀರನ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ. ರಾಜರ ದಿಗ್ವಿಜಯಗಳ ನಡುವೆ ಒಂದು ಮೂಕಪ್ರಾಣಿಯ ನಿಷ್ಠೆಯನ್ನೂ ಬರೆದಿಟ್ಟ ಜನರ ಮನಸ್ಸು ಎಂಥದಿರಬೇಕು! ಇತಿಹಾಸ ಪುಸ್ತಕದಲ್ಲಿ ಗಂಗರ ಹೆಸರನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಈ ಒಂದು ಕಲ್ಲು ಆ ಕಾಲವನ್ನೇ ಕಣ್ಣೆದುರು ತಂದು ನಿಲ್ಲಿಸಬಲ್ಲದು.

ಚಿತ್ರಶಾಲೆಯ ವಿಷಯವೂ ಹಾಗೆಯೇ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ಕಾಪಾಡುವ ಸಲುವಾಗಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ 1970ರ ದಶಕದಲ್ಲಿ ಅವರ ಹೆಸರಿನ ಚಿತ್ರಶಾಲೆ ತಲೆಯೆತ್ತಿತು. ಉದಕಮಂಡಲದ ಬೆಟ್ಟಗಳನ್ನೂ ಮಂಜನ್ನೂ ಅವರು ಜಲವರ್ಣದಲ್ಲಿ ಬಿಡಿಸಿದ ಬಗೆ ಹೆಸರುವಾಸಿಯಾದುದು. ಮಂಜು ಎಂಥದೆಂಬುದನ್ನು ಮಲೆನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದಿನವೂ ಕಾಣುವ ಮಂಜನ್ನು ಒಬ್ಬ ಮನುಷ್ಯ ಬರಿಯ ನೀರು, ಬಣ್ಣ, ಕಾಗದಗಳಿಂದ ಹಿಡಿದಿಟ್ಟುದನ್ನು ಕಂಡಾಗ, ಊರಿಗೆ ಮರಳಿದ ಹುಡುಗಿ ಮರುದಿನ ಬೆಳಗ್ಗೆ ತನ್ನೂರಿನ ಗುಡ್ಡವನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ. ಕಲೆ ಮಾಡುವ ಉಪಕಾರ ಇದು. ಕಂಡದ್ದನ್ನೇ ಹೊಸದಾಗಿ ಕಾಣಿಸುತ್ತದೆ.

ಈ ಚಿತ್ರಶಾಲೆಯ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದವಾದಾಗ, 2016ರಲ್ಲಿ ಬೆಂಗಳೂರಿನ ಅನೇಕ ಕಲಾವಿದರು ಅದನ್ನು ವಿರೋಧಿಸಿದರು. ಅದು ಜನರ ಚಿತ್ರಶಾಲೆಯಾಗಿಯೇ ಉಳಿಯಬೇಕೆಂದು ಕೇಳಿದರು. ದತ್ತು ನೀಡಿಕೆಯ ಪರವಾಗಿಯೂ ವಾದಗಳಿದ್ದವು. ಕಟ್ಟಡಕ್ಕೆ ಒಳ್ಳೆಯ ಆರೈಕೆ ದೊರೆಯುತ್ತದೆಂಬುದು ಅವುಗಳಲ್ಲೊಂದು. ಯಾವ ಪಕ್ಷ ಸರಿಯೆಂಬುದು ಹಾಗಿರಲಿ, ಒಂದು ಮಾತು ಮಾತ್ರ ಸ್ಪಷ್ಟ. ಜನ ಹೋಗಿ ನೋಡುವ ಸ್ಥಳಕ್ಕೆ ಜನರ ಬೆಂಬಲವಿರುತ್ತದೆ. ಯಾರೂ ಹೆಜ್ಜೆಯಿಡದ ಸ್ಥಳದ ಪರವಾಗಿ ಮಾತನಾಡುವವರು ದೊರೆಯುವುದು ಕಷ್ಟ. ಭೇಟಿ ಕೊಡುವುದು ನೋಡುಗನಿಗೆ ಎಷ್ಟು ಲಾಭವೋ ಸಂಸ್ಥೆಗೂ ಅಷ್ಟೇ ಲಾಭ.

ಚಲನಚಿತ್ರವನ್ನು ಈ ಸಾಲಿನಲ್ಲಿ ಸೇರಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಸಿನಿಮಾ ಎಂದರೆ ಕಾಲಹರಣವೆಂಬ ಭಾವನೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆದರೆ ಚಲನಚಿತ್ರವೂ ಒಂದು ಕಲೆ, ಒಂದು ದಾಖಲೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದನ್ನು ನೋಡುವ ಭಾಗ್ಯ ಯಾರಿಗೂ ಇಲ್ಲ; ಅದರ ಪ್ರತಿ ಉಳಿದುಬಂದಿಲ್ಲ. ಎಂಟು ನೂರು ವರ್ಷಗಳ ಹಿಂದಿನ ಹೊಯ್ಸಳ ಶಿಲ್ಪ ಉಳಿದಿದೆ, ಒಂದು ಶತಮಾನವೂ ತುಂಬದ ಚಿತ್ರ ಅಳಿದಿದೆ! ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು, ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ದೊರೆಯಿತು. ಬಲ್ಲವರು ಆ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿದರು. 2024ರಲ್ಲಿ ಇಟಲಿಯ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದು ಮತ್ತೆ ಬೆಳ್ಳಿತೆರೆಯ ಮೇಲೆ ಬೆಳಗಿತು. ಒಂದನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಂಡ ಈ ಎರಡು ಸಂಗತಿಗಳು ಹೇಳುವುದು ಇಷ್ಟೇ: ಬೆಲೆ ತಿಳಿದವರಿದ್ದಾಗ ಕಲೆ ಉಳಿಯುತ್ತದೆ.

ಬೆಲೆ ತಿಳಿಯಬೇಕಾದರೆ ಒಳ್ಳೆಯ ಚಿತ್ರಗಳನ್ನು ಕತ್ತಲ ಕೋಣೆಯಲ್ಲಿ ನೂರಾರು ಜನರೊಡನೆ ಕುಳಿತು ನೋಡಬೇಕು, ನೋಡಿದ ಮೇಲೆ ಅದರ ಬಗ್ಗೆ ಮಾತನಾಡಬೇಕು. ಇದೇ ಉದ್ದೇಶದಿಂದ ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರ’ ಎಂಬ ಚಲನಚಿತ್ರ ಸಮಾಜ ಹುಟ್ಟಿತು. ವ್ಯಾಪಾರಕ್ಕಾಗಿ ಅಲ್ಲದೆ ಅಭಿರುಚಿಗಾಗಿ ಚಿತ್ರಗಳನ್ನು ತೋರಿಸುವುದು ಇಂಥ ಸಮಾಜಗಳ ಕೆಲಸ. ಪ್ರವಾಸದ ಸಂಜೆಯೊಂದನ್ನು ಅಂಗಡಿಗಳ ಬೀದಿಗೆ ಬದಲು ಇಂಥ ಒಂದು ಪ್ರದರ್ಶನಕ್ಕೆ ಮೀಸಲಿಟ್ಟರೆ ನಷ್ಟವೇನೂ ಆಗದು.

ಇವುಗಳೊಡನೆ ಈಚಿನ ದಶಕಗಳಲ್ಲಿ ಇನ್ನೊಂದು ಬಗೆಯ ಕಲೆ ಬೆಳೆದಿದೆ. ಅದನ್ನು ಮಾಧ್ಯಮ ಕಲೆ ಎನ್ನುತ್ತಾರೆ. ಕುಂಚ, ಉಳಿಗಳಿಗೆ ಬದಲು ಛಾಯಾಚಿತ್ರ, ವಿಡಿಯೊ, ಧ್ವನಿ, ಕಂಪ್ಯೂಟರುಗಳೇ ಅಲ್ಲಿ ಕಲಾವಿದನ ಉಪಕರಣಗಳು. ಕೊರಿಯಾದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್ ಎಂಬಾತ 1963ರಲ್ಲಿ ಜರ್ಮನಿಯ ವುಪ್ಪರ್‌ಟಾಲ್ ನಗರದಲ್ಲಿ ಟೆಲಿವಿಷನ್ ಪೆಟ್ಟಿಗೆಗಳನ್ನೇ ಕಲಾಕೃತಿಗಳನ್ನಾಗಿ ಪ್ರದರ್ಶಿಸಿದ. ಪೆಟ್ಟಿಗೆ ತೋರಿಸಿದ್ದನ್ನು ಸುಮ್ಮನೆ ನೋಡುತ್ತಿದ್ದ ಜನಕ್ಕೆ, ಆ ಪೆಟ್ಟಿಗೆಯನ್ನೇ ಪ್ರಶ್ನಿಸಬಹುದೆಂದು ಅವನು ತೋರಿಸಿಕೊಟ್ಟ. ಬೆಂಗಳೂರಿನವರೇ ಆದ ಕಲಾವಿದೆ ಎನ್. ಪುಷ್ಪಮಾಲಾ ಅವರು ರವಿವರ್ಮನ ಚಿತ್ರಗಳ ದೇವಿಯರಂತೆ ತಾವೇ ವೇಷ ಧರಿಸಿ ನಿಂತು ಛಾಯಾಚಿತ್ರಗಳನ್ನು ತೆಗೆಯಿಸಿದರು. ಮನೆಮನೆಯ ಗೋಡೆಯ ಮೇಲೆ ತೂಗುವ ಲಕ್ಷ್ಮಿಯ ಪಟ ಪ್ರತಿಯೊಬ್ಬರಿಗೂ ಪರಿಚಿತ. ಆ ಪಟ ಹೇಗೆ ರೂಪುಗೊಂಡಿತು, ಸ್ತ್ರೀಯನ್ನು ಹೀಗೆಯೇ ಚಿತ್ರಿಸಬೇಕೆಂದು ಯಾರು ತೀರ್ಮಾನಿಸಿದರು ಎಂಬ ಪ್ರಶ್ನೆಗಳು ಅವರ ಛಾಯಾಚಿತ್ರಗಳನ್ನು ಕಂಡವರ ಮನಸ್ಸಿನಲ್ಲಿ ಏಳುತ್ತವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ, ವಿಜ್ಞಾನವನ್ನೂ ಕಲೆಯನ್ನೂ ಒಂದೇ ಸೂರಿನಡಿ ತರುವ, 2024ರಲ್ಲಿ ಸ್ವಂತ ಕಟ್ಟಡವನ್ನು ಪ್ರವೇಶಿಸಿದ ಸೈನ್ಸ್ ಗ್ಯಾಲರಿ ಇವು ಈ ಹೊಸ ಬಗೆಯ ನೋಟಕ್ಕೆ ನೆಲೆಯಾಗಿವೆ.

ಇಂದಿನ ಮಕ್ಕಳಿಗೆ ಮಾಧ್ಯಮ ಕಲೆಯ ಪರಿಚಯ ಬಹಳ ಅಗತ್ಯ. ಏಕೆಂದರೆ, ಚಲಿಸುವ ಚಿತ್ರಗಳ ನಡುವೆಯೇ ಅವರು ಬೆಳೆಯುತ್ತಿದ್ದಾರೆ. ಯಾವ ಚಿತ್ರ ನಿಜ, ಯಾವುದು ಕಟ್ಟಿದ್ದು, ಯಾರು ಯಾವ ಉದ್ದೇಶಕ್ಕಾಗಿ ತೋರಿಸುತ್ತಿದ್ದಾರೆ ಎಂದು ಕೇಳುವ ಅಭ್ಯಾಸವಿಲ್ಲದವರು ಸುಲಭವಾಗಿ ಮೋಸಹೋಗುತ್ತಾರೆ. ಅಕ್ಷರ ಬಾರದವನು ಪತ್ರದಲ್ಲಿರುವುದನ್ನು ತಿಳಿಯದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಚಿತ್ರವನ್ನು ಓದಲಾರದವನ ಪಾಡೂ ಅದಕ್ಕಿಂತ ಭಿನ್ನವಾಗಿರಲಾರದು.

ಈ ಸಲಹೆಯನ್ನು ವಿರೋಧಿಸುವವರು ಮುಖ್ಯವಾಗಿ ಮೂರು ಮಾತುಗಳನ್ನು ಹೇಳುತ್ತಾರೆ. ‘ಇವೆಲ್ಲ ಹಳ್ಳಿಯ ಮಕ್ಕಳಿಗೆ ಅರ್ಥವಾಗುವುದಿಲ್ಲ’ ಎಂಬುದು ಮೊದಲನೆಯದು. ಇದಕ್ಕೆ ಮಲೆನಾಡೇ ಉತ್ತರ ಕೊಟ್ಟಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಚಿಕ್ಕ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯನ್ನು ಕೆ. ವಿ. ಸುಬ್ಬಣ್ಣನವರು ಬೆಳೆಸಿದರು. 1970ರ ದಶಕದಲ್ಲಿ ಅವರು ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ ಚಿತ್ರ ಸಮಾಜವನ್ನು ಕಟ್ಟಿ, ಸತ್ಯಜಿತ್ ರಾಯ್, ಜಪಾನಿನ ಕುರೊಸಾವಾ ಮೊದಲಾದವರ ಚಿತ್ರಗಳನ್ನು ಊರಿನವರಿಗೆ ತೋರಿಸಿದರು. ಭಾಷೆ ತಿಳಿಯದ ದೇಶಗಳ ಚಿತ್ರಗಳನ್ನು ರೈತರೂ ಕೂಲಿಕಾರರೂ ಗೃಹಿಣಿಯರೂ ಕುಳಿತು ನೋಡಿದರು, ಚರ್ಚಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಈ ಬಗೆಯ ಕಾರ್ಯಕ್ಕಾಗಿಯೇ. ಹಳ್ಳಿಗರಿಗೆ ಅರ್ಥವಾಗದು ಎಂಬುದು ಹಳ್ಳಿಗರ ಕುರಿತ ಸತ್ಯವಲ್ಲ. ಅವರಿಗೆ ತೋರಿಸುವ ಶ್ರಮವನ್ನು ತಪ್ಪಿಸಿಕೊಳ್ಳುವವರ ನೆಪ.

‘ಎಲ್ಲವೂ ಈಗ ಮೊಬೈಲಿನಲ್ಲೇ ದೊರೆಯುತ್ತದೆ; ಅಷ್ಟು ದೂರ ಹೋಗುವುದೇಕೆ?’ ಎಂಬುದು ಎರಡನೆಯ ಮಾತು. ಇದರಲ್ಲಿ ಸ್ವಲ್ಪ ನಿಜವಿದೆ. ಸಾವಿರಾರು ಪುಸ್ತಕಗಳು, ಚಿತ್ರಗಳು ಅಂಗೈಯಲ್ಲಿ ಸಿಗುವುದು ದೊಡ್ಡ ಅನುಕೂಲವೇ ಸರಿ. ಆದರೆ ಜಲಾಶಯದ ಚಿತ್ರವನ್ನು ನೋಡಿದವನು ಜಲಾಶಯವನ್ನು ಕಂಡಂತಾಗಲಿಲ್ಲವೆಂಬುದು ಲಕ್ಕವಳ್ಳಿಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಂಗೈಯಗಲದ ಗಾಜಿನಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆಯವು. ಗೋಡೆಯ ಮೇಲೆ ಒಂದು ಆಳೆತ್ತರ, ಇನ್ನೊಂದು ಗೇಣುದ್ದ. ಬಣ್ಣದ ದಪ್ಪ, ಕಲ್ಲಿನ ಒರಟು, ಹಳೆಯ ಹಾಳೆಯ ವಾಸನೆ ಇವು ಮೊಬೈಲಿಗೆ ದಕ್ಕುವುದಿಲ್ಲ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ಮೊಬೈಲು ನೋಡುಗನಿಗೆ ಇಷ್ಟವೆಂದು ಈಗಾಗಲೇ ತಿಳಿದದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಗ್ರಂಥಾಲಯದ ಕಪಾಟು ಹಾಗಲ್ಲ. ಒಂದು ಪುಸ್ತಕವನ್ನು ಹುಡುಕಿ ಹೋದವನ ಕೈಗೆ ಅದರ ಪಕ್ಕದ ಇನ್ನೊಂದು ಪುಸ್ತಕ ಸಿಕ್ಕಿ, ಅವನ ಬದುಕಿನ ದಾರಿಯೇ ಬೇರೆಯಾಗಬಹುದು.

‘ಹಣವೂ ಇಲ್ಲ, ವೇಳೆಯೂ ಇಲ್ಲ’ ಎಂಬುದು ಮೂರನೆಯ ಮಾತು. ಇದು ಹಗುರವಾಗಿ ತಳ್ಳಿಹಾಕುವಂಥದಲ್ಲ. ಬಡ ಪೋಷಕರಿಗೆ ಪ್ರವಾಸದ ಹಣ ಹೊಂದಿಸುವುದು ಕಷ್ಟ. ಎಳೆಯರನ್ನು ದೂರ ಕರೆದೊಯ್ಯುವ ಅಧ್ಯಾಪಕರ ಹೊಣೆಯೂ ಸಣ್ಣದಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಸ್ಥಳಗಳನ್ನು ಹೆಚ್ಚಿಸಬೇಕೆಂದಲ್ಲ, ಕಡಿಮೆ ಮಾಡಬೇಕೆಂದು. ಎಂಟು ಸ್ಥಳಗಳಿಗೆ ಬದಲು ಮೂರು ಸಾಕು. ಅವುಗಳಲ್ಲಿ ಒಂದಕ್ಕೆ ಅರ್ಧ ದಿನ ಕೊಡಬೇಕು. ಗ್ರಂಥಾಲಯದಲ್ಲಿ ಕುಳಿತು ಓದಲು ಹಣ ಬೇಕಾಗಿಲ್ಲ. ಓಡಾಟ ಕಡಿಮೆಯಾದಷ್ಟೂ ಖರ್ಚೂ ದಣಿವೂ ಕಡಿಮೆಯಾಗುತ್ತವೆ.

ಇಂಥ ಭೇಟಿ ಫಲಿಸಬೇಕಾದರೆ ಅದರ ಸಿದ್ಧತೆ ಊರಿನಿಂದಲೇ ಆರಂಭವಾಗಬೇಕು. ಲಕ್ಕವಳ್ಳಿಯ ವಿದ್ಯಾರ್ಥಿಗಳಿಗಂತೂ ಮೊದಲ ಚಿತ್ರಶಾಲೆ ಅವರ ತಾಲ್ಲೂಕಿನಲ್ಲೇ ಇದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯ ನಿಂತಿದೆ. ಅದರ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಶಿಲ್ಪಫಲಕಗಳು ಸಾಲುಗೊಂಡಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣನ ಕಥೆ 25 ಫಲಕಗಳಲ್ಲಿ, ಮಹಾಭಾರತ 45 ಫಲಕಗಳಲ್ಲಿ. ರಾಮಾಯಣದ ಫಲಕಗಳು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತವೆ. ನೋಡುಗ ನಡೆದಂತೆ ಕಥೆಯೂ ನಡೆಯುತ್ತದೆ. ಬಿಡಿ ಬಿಡಿ ಚಿತ್ರಗಳು ಸೇರಿ ಕಥೆಯಾಗುವ ಈ ವಿಧಾನವೇ ಚಲನಚಿತ್ರದ ಮೂಲಪಾಠ. ಮುಂದೆ ಸೋಮನಾಥಪುರದಂಥ ಕಡೆಗಳಲ್ಲಿ ಹೆಸರು ಗಳಿಸಿದ ರೂವಾರಿ ಮಲ್ಲಿತಮ್ಮನು ತನ್ನ ವೃತ್ತಿಯನ್ನು ಆರಂಭಿಸಿದುದು ಇಲ್ಲಿಯ ಮಂಟಪದ ಭುವನೇಶ್ವರಿಗಳಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿನ ಶಾಸನವನ್ನು ರಚಿಸಿದವನು ಜನ್ನ ಕವಿ. ಗ್ರಂಥ, ಚಿತ್ರಮಾಲೆ, ಶಿಲ್ಪ ಮೂರೂ ಒಂದೆಡೆ ಕೂಡಿರುವ ಈ ತಾಣದಲ್ಲಿ ನೋಡುವುದನ್ನು ಕಲಿತವರಿಗೆ ಬೆಂಗಳೂರಿನ ಯಾವ ಚಿತ್ರಶಾಲೆಯೂ ಪರಕೀಯವೆನಿಸದು.

ಸಿದ್ಧತೆಯ ಕ್ರಮವೂ ಸರಳವಾದುದೇ. ಹೋಗಲಿರುವ ಸ್ಥಳದ ಬಗ್ಗೆ ತಿಂಗಳಿಗೆ ಮುಂಚೆಯೇ ತರಗತಿಯಲ್ಲಿ ಓದಬೇಕು. ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ ತೆರೆದಿರುವ ದಿನ, ವೇಳೆಗಳನ್ನು ಮೊದಲೇ ವಿಚಾರಿಸಬೇಕು. ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಪ್ರತಿಯೊಬ್ಬರೂ ತಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಒಂದು ಕೃತಿಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಲಿ. ಅದರಲ್ಲಿ ಏನಿದೆ, ಬೆಳಕು ಎತ್ತಲಿಂದ ಬೀಳುತ್ತಿದೆ, ಕಲಾವಿದ ಯಾವುದನ್ನು ಬಿಟ್ಟಿದ್ದಾನೆ ಎಂದು ತಮ್ಮನ್ನೇ ಕೇಳಿಕೊಂಡು ನಾಲ್ಕು ಸಾಲು ಬರೆದುಕೊಳ್ಳಲಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲವೆಂದೇ ಬರೆಯಲಿ. ಏಕೆ ಎಂಬುದನ್ನು ಮಾತ್ರ ಸೇರಿಸಲಿ. ಛಾಯಾಚಿತ್ರ ತೆಗೆಯುವ ಆತುರ ಆ ಹತ್ತು ನಿಮಿಷದ ಮಟ್ಟಿಗಾದರೂ ದೂರವಿರಲಿ.

ಕರ್ತವ್ಯ ಹಳ್ಳಿಯವರದಷ್ಟೇ ಅಲ್ಲ, ನಗರದ್ದೂ ಹೌದು. ಕನ್ನಡ ನಾಡಿನ ರಾಜಧಾನಿಯಲ್ಲಿರುವ ಪ್ರತಿಯೊಂದು ಸಂಗ್ರಹಾಲಯದಲ್ಲೂ ವಿವರಣೆಯ ಫಲಕಗಳು ಕನ್ನಡದಲ್ಲಿಯೂ ಇರಬೇಕು. ಕನ್ನಡದಲ್ಲಿ ಬಿಡಿಸಿ ಹೇಳುವವರು ಇರಬೇಕು. ದೂರದಿಂದ ಬಂದ ಮಕ್ಕಳು ಬುತ್ತಿ ಬಿಚ್ಚಿ ಕುಳಿತುಕೊಳ್ಳಲು ಒಂದು ನೆರಳು, ಕುಡಿಯಲು ನೀರು ಇರಬೇಕು. ಬಾಗಿಲಲ್ಲಿರುವವರು ಚಪ್ಪಲಿಯ ಧೂಳನ್ನು ನೋಡದೆ ಕಣ್ಣಿನ ಕುತೂಹಲವನ್ನು ನೋಡಿ ಒಳಗೆ ಕರೆಯಬೇಕು. ಒಂದು ಸಂಸ್ಥೆ ಎಷ್ಟು ದೊಡ್ಡದೆಂಬುದನ್ನು ಅದರ ಕಟ್ಟಡದ ಎತ್ತರದಿಂದ ಅಳೆಯಬಾರದು. ಹೊಸಬರನ್ನು ಅದು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದರಿಂದ ಅಳೆಯಬೇಕು.

ಪ್ರವಾಸದ ನಿಜವಾದ ಪರೀಕ್ಷೆ ಊರಿಗೆ ಮರಳಿದ ಮೇಲೆ ನಡೆಯುತ್ತದೆ. ಕರ್ನಾಟಕದಲ್ಲಿ ಇಂದು 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಈಗ ಅವುಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ನಗರದ ದೊಡ್ಡ ಗ್ರಂಥಾಲಯವನ್ನು ಕಂಡುಬಂದ ವಿದ್ಯಾರ್ಥಿಗಳು ತಮ್ಮೂರಿನ ಅರಿವು ಕೇಂದ್ರಕ್ಕೆ ಯಾವ ಪುಸ್ತಕಗಳು ಬೇಕೆಂದು ಕೇಳುವಂತಾಗಬೇಕು. ಶಾಲೆಯ ಒಂದು ಕೋಣೆಗೆ ಪರದೆ ಕಟ್ಟಿ ತಿಂಗಳಿಗೊಂದು ಒಳ್ಳೆಯ ಚಿತ್ರವನ್ನು ನೋಡಿ ಚರ್ಚಿಸಬೇಕು. ಊರಿನ ಹಳೆಯ ಛಾಯಾಚಿತ್ರಗಳನ್ನೂ, ಜಲಾಶಯದ ನೀರಿನಲ್ಲಿ ಮುಳುಗಿದ ಜಮೀನುಗಳ ನೆನಪನ್ನು ಹೊತ್ತ ಹಿರಿಯರ ಮಾತುಗಳನ್ನೂ ಸಂಗ್ರಹಿಸಿ ಒಂದು ಚಿಕ್ಕ ಪ್ರದರ್ಶನವನ್ನು ಏರ್ಪಡಿಸಬೇಕು. ಅದಕ್ಕೆ ಬೇಕಾಗುವುದು ನಾಲ್ಕು ಮೇಜು, ಒಂದು ಗೋಡೆ ಮತ್ತು ಕೇಳುವ ತಾಳ್ಮೆ.

ಹೆಗ್ಗೋಡಿನಲ್ಲಿ ಆದದ್ದು ಬೇರೆ ಊರುಗಳಲ್ಲೂ ಆಗಬಹುದು. ನಗರವನ್ನು ಕಣ್ತೆರೆದು ನೋಡಿ ಬಂದ ಮಕ್ಕಳು ಮುಂದೆ ತಮ್ಮ ಊರನ್ನೇ ಇತರರು ನೋಡಲು ಬರುವಂಥ ಕೇಂದ್ರವನ್ನಾಗಿ ಮಾಡಬಲ್ಲರು. ಆಗ ನಗರದ ಜನ ಲಕ್ಕವಳ್ಳಿಗೆ ಕಾಡು ನೋಡಲೆಂದು ಮಾತ್ರ ಬರುವುದಿಲ್ಲ. ಅಲ್ಲಿಯ ಮಕ್ಕಳು ಕಟ್ಟಿದ ಪ್ರದರ್ಶನವನ್ನು ನೋಡಲು, ಅವರೊಡನೆ ಕುಳಿತು ಒಂದು ಚಿತ್ರವನ್ನು ನೋಡಿ ಮಾತನಾಡಲೂ ಬರುತ್ತಾರೆ.